ಎರಡು ಮಧುಬಿಂದುಗಳು: ಟಾಲ್‌ಸ್ಟಾಯ್‌ನ ಬದುಕಿನಲ್ಲಿ ಪ್ರೀತಿ, ನಂಬುಗೆ ಮತ್ತು ಅರ್ಥದ ಶೋಧ

ಮಹಾಭಾರತದ ಸ್ತ್ರೀಪರ್ವದಲ್ಲಿ ಪುತ್ರಶೋಕದಿಂದ ಕುಗ್ಗಿದ ಧೃತರಾಷ್ಟ್ರನಿಗೆ ವಿದುರನು ಹೇಳುವ ದೃಷ್ಟಾಂತವೊಂದಿದೆ. ಘೋರಾರಣ್ಯದಲ್ಲಿ ದಾರಿ ತಪ್ಪಿದವನೊಬ್ಬ ಬಳ್ಳಿ ಮುಚ್ಚಿದ ಬಾವಿಗೆ ಬಿದ್ದು ನಡುವೆ ತೂಗಾಡುತ್ತಾನೆ. ಕೆಳಗೆ ಸರ್ಪ, ಮೇಲೆ ಆನೆ. ಕಪ್ಪು ಬಿಳಿಯ ಇಲಿಗಳು ಅವನ ಆಸರೆಯನ್ನು ಕಡಿಯುತ್ತಲೇ ಇವೆ. ಅಂಥ ಸ್ಥಿತಿಯಲ್ಲಿಯೂ ಅವನು ಮೇಲಿನಿಂದ ತೊಟ್ಟಿಕ್ಕುವ ಜೇನಿಗೆ ನಾಲಗೆ ಚಾಚುತ್ತಾನೆ. ಜೈನ ಪರಂಪರೆಯಲ್ಲಿ ಮಧುಬಿಂದು ದೃಷ್ಟಾಂತವೆಂದು ಪ್ರಸಿದ್ಧವಾಗಿರುವ ಈ ಕಥೆ, ಬುದ್ಧನ ಚರಿತ್ರೆಯ ಕ್ರೈಸ್ತ ರೂಪಾಂತರವಾದ ಬರ್ಲಾಮ್ ಮತ್ತು ಜೋಸಫಾತರ ಕಥೆಯೊಳಗೆ ಸೇರಿಕೊಂಡು ಅರಬ್ಬಿ, ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ಹಾಯ್ದು ಸ್ಲಾವ್ ಜಗತ್ತನ್ನು ಮುಟ್ಟಿತು. ಲೆವ್ ಟಾಲ್‌ಸ್ಟಾಯ್ 1879ರಲ್ಲಿ ಆರಂಭಿಸಿದ ತನ್ನ ಆತ್ಮನಿವೇದನೆಯಲ್ಲಿ ಇದನ್ನು ಪೂರ್ವದೇಶದ ಹಳೆಯ ಕಥೆಯೆಂದು ಕರೆದು, ತನ್ನ ಬದುಕಿನ ನಿಜವಾದ ಚಿತ್ರ ಇದೇ ಎಂದು ಒಪ್ಪಿಕೊಳ್ಳುತ್ತಾನೆ. ತನ್ನ ಮಟ್ಟಿಗೆ ಜೇನಿನ ಹನಿಗಳು ಎರಡು, ಒಂದು ಕುಟುಂಬದ ಪ್ರೀತಿ, ಇನ್ನೊಂದು ಬರವಣಿಗೆ, ಎಂದು ಹೆಸರಿಸಿ, ಅವೆರಡೂ ಈಗ ತನಗೆ ಸಿಹಿಯಾಗಿ ಉಳಿದಿಲ್ಲವೆಂದು ಹೇಳುತ್ತಾನೆ.

ಈ ಮಾತನ್ನು ಟಾಲ್‌ಸ್ಟಾಯ್‌ನ ಜೀವನಚರಿತ್ರೆಕಾರರಲ್ಲಿ ಬಹುಮಂದಿ ಇದ್ದಂತೆಯೇ ಸ್ವೀಕರಿಸಿದ್ದಾರೆ. ಅದರ ಪರಿಣಾಮವಾಗಿ ಇಬ್ಬರು ಟಾಲ್‌ಸ್ಟಾಯ್‌ಗಳು ಹುಟ್ಟಿಕೊಂಡರು: 1879ಕ್ಕೆ ಮೊದಲಿನ ಮಹಾಕಾದಂಬರಿಕಾರ, ಆನಂತರದ ಧರ್ಮೋಪದೇಶಕ. ಕನ್ನಡದ ಮನಸ್ಸು ಸಾಮಾನ್ಯವಾಗಿ ಎರಡನೆಯವನತ್ತ ಹೆಚ್ಚು ಒಲಿದಂತೆ ತೋರುತ್ತದೆ. ಮಾಸ್ತಿಯವರು ತಮ್ಮ ಪ್ರಸಿದ್ಧ ಕಥೆಯ ಶೀರ್ಷಿಕೆಯಲ್ಲಿಯೇ ಅವನನ್ನು ಮಹರ್ಷಿ ಎಂದು ಕರೆದಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ಜೇನಿನ ರುಚಿ ನಿಜವಾಗಿಯೂ ಹೋಗಿತ್ತೇ ಎಂಬ ಪ್ರಶ್ನೆಯನ್ನು ಕೇಳಿಕೊಂಡು ಅವನ ಬದುಕನ್ನು ಮರಳಿ ನೋಡಿದರೆ ಬೇರೆಯದೇ ಚಿತ್ರ ಮೂಡುತ್ತದೆ. ಆತ್ಮನಿವೇದನೆಯ ನಂತರವೂ ಅವನು ಮೂವತ್ತು ವರ್ಷ ಬದುಕಿದ. ಆ ಮೂವತ್ತು ವರ್ಷಗಳಲ್ಲಿ ಆ ಎರಡು ಹನಿಗಳನ್ನು ಅವನು ಬಿಡಲೂ ಆಗಲಿಲ್ಲ, ನಿಶ್ಚಿಂತೆಯಿಂದ ಸವಿಯಲೂ ಆಗಲಿಲ್ಲ. ಎಲ್ಲರನ್ನೂ ಸಮನಾಗಿ ಪ್ರೀತಿಸಬೇಕೆಂಬ ನಂಬುಗೆಗೂ ಒಬ್ಬ ವ್ಯಕ್ತಿಯನ್ನು ಪ್ರೀತಿಸುವ ಬದುಕಿಗೂ ನಡುವೆ ಉಂಟಾದ ಈ ಬಿಕ್ಕಟ್ಟೇ ಅವನ ಚಿಂತನೆಯ ನಿಜವಾದ ನೆಲೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ.

ಟಾಲ್‌ಸ್ಟಾಯ್ ಹುಟ್ಟಿದ್ದು ತೂಲಾ ಪ್ರಾಂತದ ಯಾಸ್ನಾಯಾ ಪೊಲ್ಯಾನಾದಲ್ಲಿ, ಹಳೆಯ ರಷ್ಯನ್ ಪಂಚಾಂಗದಂತೆ 1828ರ ಆಗಸ್ಟ್ 28ರಂದು. ತಾಯಿ ಮರಿಯಾ ವೊಲ್ಕೊನ್‌ಸ್ಕಾಯಾ ತೀರಿಕೊಂಡಾಗ ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಆಕೆಯ ವರ್ಣಚಿತ್ರ ಕೂಡ ಉಳಿದಿರಲಿಲ್ಲ. ಉಳಿದದ್ದು ಕಪ್ಪು ನೆರಳಿನಂತಹ ಒಂದು ಸಣ್ಣ ರೇಖಾಕೃತಿ ಮಾತ್ರ. ಮುಖವಿಲ್ಲದ ಆ ತಾಯಿಗಾಗಿ ಎಪ್ಪತ್ತೇಳರ ಮುದುಕ ಮಗುವಿನಂತೆ ಹಂಬಲಿಸಿದ್ದನ್ನು 1906ರ ದಿನಚರಿ ದಾಖಲಿಸಿದೆ. ತಂದೆ 1837ರಲ್ಲಿ ತೀರಿಕೊಂಡ. ಮಕ್ಕಳನ್ನು ಸಾಕಿದವರಲ್ಲಿ ಮುಖ್ಯಳಾದವಳು ದೂರದ ಸಂಬಂಧಿ ತತ್ಯಾನಾ ಯೆರ್ಗೋಲ್‌ಸ್ಕಾಯಾ. ಪ್ರೀತಿಸುವುದರಲ್ಲಿರುವ ಆತ್ಮಿಕ ಸುಖವನ್ನು ತನಗೆ ಕಲಿಸಿದವಳು ಈಕೆಯೇ ಎಂದು ಅವನು ನಂತರ ಕೃತಜ್ಞತೆಯಿಂದ ಬರೆದ. ಆಕೆ ಯಾವ ಉಪದೇಶವನ್ನೂ ಮಾಡಿದವಳಲ್ಲ ಎಂಬುದು ಗಮನಾರ್ಹ.

ಬಾಲ್ಯದ ಇನ್ನೊಂದು ನೆನಪು ಹಿರಿಯಣ್ಣ ನಿಕೊಲಾಯ್‌ಗೆ ಸೇರಿದ್ದು. ಮನುಷ್ಯರೆಲ್ಲರೂ ಕಾಯಿಲೆ, ಜಗಳಗಳಿಲ್ಲದೆ ಪರಸ್ಪರ ಪ್ರೀತಿಯಿಂದ ಬಾಳುವ ಗುಟ್ಟನ್ನು ಒಂದು ಹಸಿರು ಕೋಲಿನ ಮೇಲೆ ಬರೆದು ಕಾಡಿನ ಕೊರಕಲಿನ ಅಂಚಿನಲ್ಲಿ ಹೂತಿಟ್ಟಿದೆ ಎಂದು ಅವನು ತಮ್ಮಂದಿರಿಗೆ ಹೇಳಿದ್ದ. ಮಕ್ಕಳು ಕುರ್ಚಿಗಳ ಅಡಿಯಲ್ಲಿ ಬಟ್ಟೆ ಹೊದ್ದು ಒತ್ತೊತ್ತಾಗಿ ಕುಳಿತು ಇರುವೆ ಸಹೋದರರ ಆಟವಾಡುತ್ತಿದ್ದರು. ನಿಕೊಲಾಯ್ ಎಲ್ಲಿಯೋ ಕೇಳಿದ್ದ ಮೊರಾವಿಯನ್ ಸಹೋದರರೆಂಬ ಕ್ರೈಸ್ತ ಪಂಥದ ಹೆಸರು, ಇರುವೆ ಎಂಬರ್ಥದ ರಷ್ಯನ್ ಪದದೊಡನೆ ಬೆರೆತು ಹೀಗಾಗಿರಬೇಕೆಂದು ಟಾಲ್‌ಸ್ಟಾಯ್ ಊಹಿಸಿದ್ದಾನೆ. ಇಲ್ಲಿ ಎರಡು ಸಂಗತಿಗಳು ಒಟ್ಟಿಗಿವೆ: ಇಡೀ ಮನುಕುಲಕ್ಕೆ ಅನ್ವಯವಾಗುವ ಒಂದು ಗುಟ್ಟು, ಮತ್ತು ಕುರ್ಚಿಯ ಕೆಳಗಿನ ಕತ್ತಲಲ್ಲಿ ಪಕ್ಕದವರ ಮೈಯ ಬಿಸಿ. ಬದುಕಿನುದ್ದಕ್ಕೂ ಅವನು ಮೊದಲನೆಯದನ್ನು ಹುಡುಕಿದ, ಎರಡನೆಯದನ್ನು ಬರೆದ.

ಯೌವನದ ವಿವರಗಳು ಪರಿಚಿತವೇ. 1844ರಲ್ಲಿ ಕಜಾನ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ಪೌರಸ್ತ್ಯ ಭಾಷೆಗಳನ್ನೂ ಆಮೇಲೆ ಕಾನೂನನ್ನೂ ಅರ್ಧಂಬರ್ಧ ಓದಿ, 1847ರಲ್ಲಿ ಪದವಿಯಿಲ್ಲದೆ ಹೊರಬಂದ. ಜೂಜು, ಸಾಲ, ಪಶ್ಚಾತ್ತಾಪ, ಮತ್ತೆ ಹೊಸ ನಿಯಮಗಳ ಪಟ್ಟಿ. 1851ರಲ್ಲಿ ಕಾಕಸಸ್‌ಗೆ ಹೋದ. 1852ರಲ್ಲಿ ‘ಬಾಲ್ಯ’ ಪ್ರಕಟವಾಯಿತು. ಸೇನೆಯಲ್ಲಿದ್ದಾಗ 1855ರ ಮಾರ್ಚ್‌ನಲ್ಲಿ ಬರೆದ ದಿನಚರಿಯ ಪುಟವೊಂದು ಇಬ್ಬರು ಟಾಲ್‌ಸ್ಟಾಯ್‌ಗಳ ವಾದವನ್ನೇ ಅಲುಗಾಡಿಸುವಂಥದು. ಪವಾಡ ಮತ್ತು ಮತತತ್ತ್ವಗಳನ್ನು ಕಳಚಿದ, ಪರಲೋಕದ ಸುಖದ ಬದಲು ಈ ನೆಲದ ಮೇಲಿನ ಸುಖವನ್ನು ನೀಡುವ, ಕ್ರಿಸ್ತನ ಹೊಸ ಧರ್ಮವೊಂದನ್ನು ಸ್ಥಾಪಿಸುವ ಕನಸನ್ನು ಇಪ್ಪತ್ತಾರರ ಆ ಫಿರಂಗಿದಳದ ಅಧಿಕಾರಿ ಅಲ್ಲಿ ಬರೆದಿಟ್ಟಿದ್ದಾನೆ. ಐವತ್ತರ ಪರಿವರ್ತನೆ ಎಂದು ನಾವು ಕರೆಯುವುದರ ಸಂಪೂರ್ಣ ನಕ್ಷೆ ಆ ಪುಟದಲ್ಲಿದೆ. ಆಗ ಇಲ್ಲದೆ ಇದ್ದದ್ದು ಹೆಂಡತಿ, ಮಕ್ಕಳು, ಮನೆ.

ಸಾವಿನೊಡನೆ ಅವನ ಮುಖಾಮುಖಿಯೂ ಬೇಗನೆ ಆರಂಭವಾಯಿತು. 1857ರಲ್ಲಿ ಪ್ಯಾರಿಸ್ಸಿನಲ್ಲಿ ಗಿಲೊಟಿನ್ನಿನಿಂದ ಶಿರಚ್ಛೇದವಾಗುವುದನ್ನು ನೋಡಿ, ಪ್ರಗತಿಯ ಮೇಲಿನ ನಂಬುಗೆ ಕುಸಿದುದನ್ನು ತಾನೇ ಹೇಳಿಕೊಂಡಿದ್ದಾನೆ. 1860ರಲ್ಲಿ, ಹಸಿರು ಕೋಲಿನ ಕಥೆ ಹೇಳಿದ ನಿಕೊಲಾಯ್, ಫ್ರಾನ್ಸಿನ ಇಯೇರ್ ಎಂಬಲ್ಲಿ ಕ್ಷಯದಿಂದ ತೀರಿಕೊಂಡ. ತಾನು ಏಕೆ ಬದುಕಿದೆ, ಏಕೆ ಸಾಯುತ್ತಿದ್ದೇನೆ ಎಂಬುದು ತಿಳಿಯದೆಯೇ ಅಣ್ಣ ಹೋದನೆಂಬ ಕೊರಗು ಆತ್ಮನಿವೇದನೆಯವರೆಗೂ ಉಳಿಯಿತು.

1862ರ ಸೆಪ್ಟೆಂಬರ್‌ನಲ್ಲಿ ಮದುವೆ. ಅವನಿಗೆ ಮೂವತ್ತನಾಲ್ಕು, ಸೋಫಿಯಾ ಬೆಹ್ರ್ಸ್‌ಗೆ ಹದಿನೆಂಟು. ಮದುವೆಗೆ ಮೊದಲು ಅವನು ತನ್ನ ದಿನಚರಿಗಳನ್ನು ಅವಳ ಕೈಗೆ ಕೊಟ್ಟ. ಅವುಗಳಲ್ಲಿ ವೇಶ್ಯೆಯರ ಸಹವಾಸದಿಂದ ಹಿಡಿದು, ಅದೇ ಜಮೀನಿನಲ್ಲಿದ್ದ ಅಕ್ಸಿನ್ಯಾ ಎಂಬ ರೈತ ಹೆಣ್ಣಿನೊಡನೆ ಇದ್ದ ಸಂಬಂಧದವರೆಗೆ ಎಲ್ಲವೂ ಇತ್ತು. ಸತ್ಯವನ್ನು ಮುಚ್ಚಿಡಬಾರದೆಂಬುದು ಅವನ ನಂಬುಗೆ. ಓದಿದ ಹುಡುಗಿ ಅತ್ತಳು, ಕ್ಷಮಿಸಿದಳು, ಆದರೆ ಕೊನೆಯವರೆಗೂ ಮರೆಯಲಿಲ್ಲ. ಪ್ರಾಮಾಣಿಕತೆಯ ಭಾರವನ್ನು ಹೊತ್ತವರು ಯಾರು ಎಂಬ ಪ್ರಶ್ನೆಯನ್ನು ಅವನು ಕೇಳಿಕೊಂಡನೇ? ‘ಅನ್ನಾ ಕರೆನಿನಾ’ದಲ್ಲಿ ಲೆವಿನ್ ಕೂಡ ಹೀಗೆಯೇ ಕಿಟ್ಟಿಗೆ ದಿನಚರಿಯನ್ನು ಕೊಡುತ್ತಾನೆ. ಆಕೆಯ ಅಳು ತುಂಬಿದ ಮುಖವನ್ನು ಕಂಡಾಗಲೇ ತಾನು ಮಾಡಿದ್ದೇನೆಂಬುದು ಅವನಿಗೆ ಅರಿವಾಗುತ್ತದೆ. ಬದುಕಿನಲ್ಲಿ ಕೇಳದ ಪ್ರಶ್ನೆಯನ್ನು ಕಾದಂಬರಿ ಕೇಳಿಸಿಕೊಂಡಿತು ಎನ್ನಬೇಕು.

ಮುಂದಿನ ಹದಿನೈದು ವರ್ಷಗಳು ಎರಡೂ ಜೇನಿನ ಹನಿಗಳ ಸಮೃದ್ಧಿಯ ಕಾಲ. ಒಟ್ಟು ಹದಿಮೂರು ಮಕ್ಕಳು ಹುಟ್ಟಿ ಎಂಟು ಮಂದಿ ಬಾಲ್ಯವನ್ನು ದಾಟಿದರು. ‘ಯುದ್ಧ ಮತ್ತು ಶಾಂತಿ’ 1869ರಲ್ಲಿ ಮುಗಿಯಿತು. ತಿದ್ದಿ ತಿದ್ದಿ ಓದಲಾಗದಂತಾದ ಹಸ್ತಪ್ರತಿಯನ್ನು ಮಕ್ಕಳು ಮಲಗಿದ ಮೇಲೆ ಶುದ್ಧವಾಗಿ ಬರೆದುಕೊಟ್ಟವಳು ಸೋಫಿಯಾ. ಆದರೆ ಅದೇ 1869ರ ಸೆಪ್ಟೆಂಬರ್‌ನಲ್ಲಿ, ಪೆನ್ಜಾ ಪ್ರಾಂತದಲ್ಲಿ ಜಮೀನು ಕೊಳ್ಳಲು ಹೊರಟು ಅರ್ಜಮಾಸ್ ಎಂಬ ಊರಿನಲ್ಲಿ ತಂಗಿದ ರಾತ್ರಿ, ಕಾರಣವಿಲ್ಲದ ಭೀತಿಯೊಂದು ಅವನನ್ನು ಹಿಡಿಯಿತು. ಆರೋಗ್ಯ, ಕೀರ್ತಿ, ಸಂಸಾರ ಎಲ್ಲವೂ ಇದ್ದಾಗಲೇ ಸಾವು ಆ ಕೋಣೆಯಲ್ಲಿ ಬಂದು ನಿಂತಂತಾಯಿತು. ಆ ಅನುಭವವನ್ನು ಅವನು ಮೊದಲು ತಿಳಿಸಿದ್ದು ಹೆಂಡತಿಗೆ, ಪತ್ರದಲ್ಲಿ. ‘ಹುಚ್ಚನ ಟಿಪ್ಪಣಿಗಳು’ ಎಂಬ ಅಪೂರ್ಣ ಕಥೆಯಾಗಿ ಅದನ್ನು ಬರೆಯಲು ಹೊರಟದ್ದು ಹದಿನೈದು ವರ್ಷಗಳ ನಂತರ.

ಆಮೇಲೆ ಸಾವುಗಳು ಮನೆಯೊಳಗೇ ಬಂದವು. 1873ರಿಂದ 1875ರ ಒಳಗೆ ಮೂವರು ಎಳೆಯ ಮಕ್ಕಳು, ತತ್ಯಾನಾ ಯೆರ್ಗೋಲ್‌ಸ್ಕಾಯಾ, ಇನ್ನೊಬ್ಬ ಸೋದರತ್ತೆ, ಹೀಗೆ ಐವರು ಹೋದರು. ‘ಅನ್ನಾ ಕರೆನಿನಾ’ ರಚನೆಗೊಂಡದ್ದು ಈ ಅವಧಿಯಲ್ಲಿಯೇ. 1872ರ ಆರಂಭದಲ್ಲಿ ಸಮೀಪದ ಯಾಸೆಂಕಿ ನಿಲ್ದಾಣದಲ್ಲಿ ರೈಲಿಗೆ ಬಿದ್ದು ಸತ್ತ ಅನ್ನಾ ಎಂಬ ಹೆಂಗಸಿನ ದೇಹವನ್ನು ಅವನು ಕಣ್ಣಾರೆ ನೋಡಿದ್ದ. ಆದರೆ ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಕಾದಂಬರಿಯ ಎಂಟನೆಯ ಭಾಗ. ಸುಖಿ ಸಂಸಾರಿಯಾದ ಲೆವಿನ್ ತನ್ನನ್ನೇ ಕೊಂದುಕೊಳ್ಳುವ ಭಯದಿಂದ ಹಗ್ಗವನ್ನು ಬಚ್ಚಿಡುತ್ತಾನೆ, ಬಂದೂಕು ಹಿಡಿಯಲು ಅಂಜುತ್ತಾನೆ. ಇದು ಟಾಲ್‌ಸ್ಟಾಯ್‌ನ ಸ್ವಂತ ಕಥೆಯೆಂಬುದನ್ನು ಆತ್ಮನಿವೇದನೆ ಖಚಿತಪಡಿಸುತ್ತದೆ. ಕಣದಲ್ಲಿ ದುಡಿಯುತ್ತಿದ್ದ ಫ್ಯೊದೋರ್ ಎಂಬ ರೈತ, ಆತ್ಮಕ್ಕಾಗಿ ಬದುಕುವ ಒಬ್ಬ ಮುದುಕನ ವಿಷಯವನ್ನು ಮಾತಿನ ನಡುವೆ ಪ್ರಸ್ತಾಪಿಸಿದಾಗ ಲೆವಿನ್‌ಗೆ ಬೆಳಕು ಕಾಣುತ್ತದೆ. ಅಲ್ಲಿಗೆ ಉಪದೇಶ ಮುಗಿದಿದ್ದರೆ ಕಾದಂಬರಿಯೂ ಮುಗಿಯಬೇಕಿತ್ತು. ಮುಗಿಯುವುದಿಲ್ಲ. ಮನೆಗೆ ಬರುವ ದಾರಿಯಲ್ಲಿಯೇ ಲೆವಿನ್ ಗಾಡಿ ಹೊಡೆಯುವವನ ಮೇಲೆ ರೇಗುತ್ತಾನೆ. ರಾತ್ರಿ ನಕ್ಷತ್ರಗಳ ಕೆಳಗೆ ನಿಂತು, ತನಗೆ ದೊರೆತದ್ದನ್ನು ಕಿಟ್ಟಿಗೆ ಹೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ, ಅತಿಥಿಯ ಕೋಣೆಯಲ್ಲಿ ಕೈ ತೊಳೆಯುವ ಹೊಸ ಪೀಠವನ್ನು ಇಟ್ಟಿದ್ದಾರೆಯೇ ನೋಡಿ ಬರಲು ಅವಳು ಹೇಳುತ್ತಾಳೆ. ಲೆವಿನ್ ಹೇಳದೆ ಸುಮ್ಮನಾಗುತ್ತಾನೆ. ನಂಬುಗೆ ದೊರೆತ ಮೇಲೂ ತನಗೂ ಹೆಂಡತಿಗೂ ನಡುವೆ ಗೋಡೆ ಉಳಿದೇ ಇರುತ್ತದೆ, ಆದರೂ ಬದುಕಿಗೆ ಅರ್ಥವಿದೆ ಎಂಬುದು ಅವನು ತಲುಪುವ ನೆಲೆ. ನನ್ನ ಅಭಿಪ್ರಾಯದಲ್ಲಿ ನಂಬುಗೆಯ ಕುರಿತು ಟಾಲ್‌ಸ್ಟಾಯ್ ಬರೆದ ಅತ್ಯಂತ ಪ್ರಬುದ್ಧವಾದ ಪುಟಗಳು ಇವು. ದುರದೃಷ್ಟವೆಂದರೆ, ಲೆವಿನ್‌ನಂತೆ ಸುಮ್ಮನಿರುವುದು ಟಾಲ್‌ಸ್ಟಾಯ್‌ಗೆ ಸಾಧ್ಯವಾಗಲಿಲ್ಲ.

ಆತ್ಮನಿವೇದನೆಯ ವಾದಸರಣಿ ಸರಳವಾದುದು. ಸಾವು ಅಳಿಸಿಹಾಕದಂತಹ ಅರ್ಥ ಬದುಕಿಗೆ ಇದೆಯೇ? ವಿಜ್ಞಾನ ಉತ್ತರಿಸಲಿಲ್ಲ. ಸಾಕ್ರಟೀಸ್, ಸೊಲೊಮನ್, ಬುದ್ಧ, ಶೋಪೆನ್‌ಹೌರ್ ಇವರೆಲ್ಲರೂ ಬದುಕು ದುಃಖವೆಂದೇ ಹೇಳಿದರೆಂದು ಅವನು ಓದಿಕೊಂಡ. (ಬುದ್ಧನಲ್ಲಿ ದುಃಖದ ನಿರೂಪಣೆಯನ್ನು ಮಾತ್ರ ಕಂಡು ನಿರೋಧದ ಮಾರ್ಗವನ್ನು ಬಿಟ್ಟಿರುವುದು ಭಾರತೀಯ ಓದುಗರಿಗೆ ತಕ್ಷಣ ಗೋಚರಿಸುತ್ತದೆ.) ತನ್ನ ವರ್ಗದವರು ಅರಿಯದೆಯೋ, ಭೋಗದಲ್ಲಿಯೋ, ಆತ್ಮಹತ್ಯೆಯಿಂದಲೋ, ಇಲ್ಲವೆ ದುರ್ಬಲರಾಗಿ ಕಾಲ ತಳ್ಳುತ್ತಲೋ ಈ ಪ್ರಶ್ನೆಯಿಂದ ಪಾರಾಗುತ್ತಾರೆ. ದುಡಿದು ಬದುಕುವ ಕೋಟ್ಯಂತರ ಜನರಿಗೆ ಮಾತ್ರ ಸಾಯುವುದು ಗೊತ್ತಿದೆ, ಏಕೆಂದರೆ ಅವರಿಗೆ ನಂಬುಗೆಯಿದೆ. ಹೀಗೆ ಅವನು ರೈತರ ನಂಬುಗೆಯನ್ನು ಅರಸಿ ಚರ್ಚಿಗೆ ಹೋದ. ಅಲ್ಲಿನ ಮತತತ್ತ್ವ ಮತ್ತು ಪ್ರಭುತ್ವದ ಸಖ್ಯವನ್ನು ತಾಳಲಾರದೆ ಹೊರಬಂದ. ಹೀಬ್ರೂ ಕಲಿತ, ಗ್ರೀಕ್ ಮೂಲವನ್ನಿಟ್ಟುಕೊಂಡು ನಾಲ್ಕು ಸುವಾರ್ತೆಗಳನ್ನು ಒಂದಾಗಿ ಹೆಣೆದ, ಪವಾಡಗಳನ್ನೂ ಪುನರುತ್ಥಾನವನ್ನೂ ಕೈಬಿಟ್ಟ. ಕೇಡನ್ನು ಬಲದಿಂದ ಎದುರಿಸಬಾರದೆಂಬ ಗಿರಿಪ್ರವಚನದ ವಿಧಿ ಅವನ ಧರ್ಮದ ಕೇಂದ್ರವಾಯಿತು. ರಷ್ಯದಲ್ಲಿ ನಿಷಿದ್ಧವಾದ ಆತ್ಮನಿವೇದನೆ 1884ರಲ್ಲಿ ಜಿನೀವಾದಲ್ಲಿ ಅಚ್ಚಾಯಿತು. 1901ರಲ್ಲಿ ಧರ್ಮಸಭೆ ಅವನನ್ನು ಚರ್ಚಿನಿಂದ ಹೊರಗಿರಿಸಿತು.

ಈ ನಂಬುಗೆಯ ತಾತ್ತ್ವಿಕ ರೂಪವನ್ನು 1887ರಲ್ಲಿ ಮುಗಿಸಿದ ‘ಬದುಕನ್ನು ಕುರಿತು’ ಎಂಬ ಗ್ರಂಥದಲ್ಲಿ ಕಾಣಬಹುದು. ಮನುಷ್ಯನಲ್ಲಿರುವ ಪ್ರಾಣಿಸಹಜ ವ್ಯಕ್ತಿತ್ವ ತನ್ನ ಸುಖವನ್ನು ಬಯಸಿ ಸೋಲುತ್ತದೆ; ವಿವೇಕ ಎಚ್ಚೆತ್ತಾಗ ಇತರರ ಹಿತವೇ ತನ್ನ ಹಿತವಾಗುತ್ತದೆ; ಅದೇ ಪ್ರೀತಿ, ಅದಕ್ಕೆ ಸಾವಿಲ್ಲ. ಬದುಕು ಮತ್ತು ಸಾವನ್ನು ಕುರಿತು ಎಂದಿದ್ದ ಶೀರ್ಷಿಕೆಯಿಂದ ಸಾವು ಎಂಬ ಪದವನ್ನು ಅವನು ಬರೆಯುತ್ತಲೇ ತೆಗೆದುಹಾಕಿದ. ಒಬ್ಬರನ್ನು ಉಳಿದವರಿಗಿಂತ ಹೆಚ್ಚಾಗಿ ಮೆಚ್ಚುವುದು, ಅದು ಹೆಂಡತಿಯಾಗಲಿ ಮಗುವಾಗಲಿ, ಇಲ್ಲಿ ನಿಜವಾದ ಪ್ರೀತಿ ಅಲ್ಲ; ಪ್ರಾಣಿಸಹಜವಾದ ಒಲವು ಮಾತ್ರ. ಈ ಗ್ರಂಥವನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದವಳು ಸೋಫಿಯಾ ಎಂಬುದನ್ನು, ಆಕೆಯನ್ನು ಮಹಾತ್ಮನ ದಾರಿಗೆ ಅಡ್ಡ ನಿಂತ ಗಯ್ಯಾಳಿಯಾಗಿ ಚಿತ್ರಿಸುವವರು ಮರೆಯುತ್ತಾರೆ. ಆಕೆಗೆ ಗಂಡನ ವಿಚಾರ ಅರ್ಥವಾಗದೆ ಇರಲಿಲ್ಲ. ಅದರಲ್ಲಿ ತನಗಿರುವ ಸ್ಥಾನವೂ ಅರ್ಥವಾಗಿತ್ತು.

ಮನೆ ಬಿಡುವ ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1884ರ ಜೂನ್ 17ರಂದು ಜಗಳವಾಡಿ ಹೆಗಲಿಗೆ ಚೀಲ ಹಾಕಿಕೊಂಡು ತೂಲಾದತ್ತ ನಡೆದವನು, ಹೆಂಡತಿ ತುಂಬು ಗರ್ಭಿಣಿ ಎಂಬುದು ನೆನಪಾಗಿ ಅರ್ಧದಾರಿಯಿಂದ ಮರಳಿದ. ಆ ರಾತ್ರಿ ಕಳೆದು ಹುಟ್ಟಿದವಳು ಅಲೆಕ್ಸಾಂದ್ರಾ. 1897ರಲ್ಲಿ ಬರೆದು, ಕೊಡದೆ, ಪೀಠದ ಹೊದಿಕೆಯೊಳಗೆ ಬಚ್ಚಿಟ್ಟ ಪತ್ರದಲ್ಲಿ ಅರವತ್ತರ ಹೊತ್ತಿಗೆ ಕಾಡಿಗೆ ಹೋಗುವ ಹಿಂದೂಗಳ ಉದಾಹರಣೆಯನ್ನು ಅವನು ಕೊಡುತ್ತಾನೆ. ಇಲ್ಲಿ ಒಂದು ಮಾತು ಹೇಳುವುದು ಅಗತ್ಯ. ವಾನಪ್ರಸ್ಥಕ್ಕೆ ಹೋಗುವವನು ಪತ್ನಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಬಹುದು ಅಥವಾ ಜೊತೆಯಲ್ಲಿಯೇ ಕರೆದೊಯ್ಯಬಹುದು ಎಂದು ಮನುಸ್ಮೃತಿ ಹೇಳುತ್ತದೆ. ಟಾಲ್‌ಸ್ಟಾಯ್ ವಾನಪ್ರಸ್ಥವೆಂದು ಭಾವಿಸಿದ್ದು ವಾಸ್ತವವಾಗಿ ಸಂನ್ಯಾಸವನ್ನು. ಆದರೆ ಸಂನ್ಯಾಸಕ್ಕೆ ಬೇಕಾದ ವಿರಕ್ತಿ ಅವನಲ್ಲಿ ಇರಲಿಲ್ಲ.

‘ಕ್ರೂಟ್ಜರ್ ಸೊನಾಟಾ’ 1889ರಲ್ಲಿ ಮುಗಿಯಿತು. ದಾಂಪತ್ಯವೇ ಮೋಸ, ದೇಹಸಂಬಂಧವೇ ಪತನ ಎಂಬ ತೀರ್ಮಾನಕ್ಕೆ ಬಂದ ಹೆಂಡತಿಗೊಲೆಗಾರನೊಬ್ಬನ ಕಥೆ ಇದು. ಅದಕ್ಕೆ ಬರೆದ ಅನುಬಂಧದಲ್ಲಿ ಲೇಖಕ ಬ್ರಹ್ಮಚರ್ಯವನ್ನು ಆದರ್ಶವಾಗಿ ಸಮರ್ಥಿಸಿದ. ದಂಪತಿಗಳ ಕೊನೆಯ ಮಗು ಇವಾನ್ ಹುಟ್ಟಿದ್ದು 1888ರಲ್ಲಿ. ಓದುಗರೆಲ್ಲ ಕಥೆಯ ಹೆಂಡತಿಯಲ್ಲಿ ತನ್ನನ್ನೇ ಕಾಣುತ್ತಿರುವರೆಂದು ನೊಂದರೂ, ಸೋಫಿಯಾ 1891ರಲ್ಲಿ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನನ್ನು ಕಂಡು, ಸಮಗ್ರ ಕೃತಿಗಳ ಸಂಪುಟದಲ್ಲಿ ಅದನ್ನು ಅಚ್ಚುಮಾಡಲು ಅನುಮತಿ ಪಡೆದಳು. ಅದೇ ವರ್ಷ ಟಾಲ್‌ಸ್ಟಾಯ್ 1881ರ ನಂತರದ ಕೃತಿಗಳ ಹಕ್ಕನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟ. 1892ರಲ್ಲಿ ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿದ. ಆಸ್ತಿ ಪಾಪವೆಂದು ನಂಬಿದವನು ಅದನ್ನು ಪ್ರೀತಿಸಿದವರ ಹೆಸರಿಗೆ ಬರೆದದ್ದು ನೈತಿಕ ಪರಿಹಾರವೇ ಎಂದು ಅವನ ಶಿಷ್ಯರೂ ಕೇಳಿದರು, ವಿರೋಧಿಗಳೂ ಕೇಳಿದರು.

ಆದರೆ ಉಪದೇಶ ಅಲ್ಲಗಳೆದದ್ದನ್ನು ಕಥೆ ಮರಳಿ ತಂದಿತು. ‘ಇವಾನ್ ಇಲ್ಯಿಚ್‌ನ ಸಾವು’ (1886) ಇದಕ್ಕೆ ಶ್ರೇಷ್ಠ ನಿದರ್ಶನ. ಅಲ್ಲಿ ಸಾಯುವವನಿಗೆ ನೆಮ್ಮದಿ ಕೊಡುವುದು ಗ್ರಂಥವಲ್ಲ. ಅವನ ಕಾಲುಗಳನ್ನು ತನ್ನ ಹೆಗಲ ಮೇಲೆ ಹೊತ್ತು ಕೂರುವ ಆಳು ಗೆರಾಸಿಮ್. ಕೊನೆಗೆ ಬೆಳಕು ಕಾಣುವುದು ಮಗ ಬಂದು ಕೈಗೆ ಮುತ್ತಿಟ್ಟಾಗ, ತಾನು ದ್ವೇಷಿಸುತ್ತಿದ್ದ ಹೆಂಡತಿಯ ಮೇಲೆಯೂ ಕರುಣೆ ಮೂಡಿದಾಗ. ಕ್ಷಮಿಸು ಎನ್ನಲು ಹೊರಟ ಅವನ ಬಾಯಿಂದ, ರಷ್ಯನ್ ಭಾಷೆಯಲ್ಲಿ ಒಂದೇ ಉಚ್ಚಾರಾಂಶದಷ್ಟು ಬೇರೆಯಾದ, ದಾರಿ ಬಿಡು ಎಂಬರ್ಥದ ಪದ ಹೊರಬೀಳುತ್ತದೆ, ತಿದ್ದಿಕೊಳ್ಳಲು ಶಕ್ತಿಯಿಲ್ಲ. ಅನುವಾದಕರನ್ನು ಸೋಲಿಸುವ ಈ ತೊದಲಿನಲ್ಲಿ ಕ್ಷಮೆಯೂ ಬಿಡುಗಡೆಯೂ ಒಂದಾಗಿವೆ. ಮನುಕುಲದ ಮೇಲಿನ ಪ್ರೀತಿ ಇಲ್ಲಿ ಎಲ್ಲಿಯೂ ಇಲ್ಲ. ಇರುವುದು ಒಂದು ಕೋಣೆ, ಮೂವರು ಮನುಷ್ಯರು.

1895ರಲ್ಲಿ ಪ್ರಕಟವಾದ ‘ಯಜಮಾನ ಮತ್ತು ಆಳು’ ಕಥೆಯದೂ ಇದೇ ದಾರಿ. ಹಿಮಗಾಳಿಯಲ್ಲಿ ಸಿಕ್ಕಿಬಿದ್ದ ಲೋಭಿ ವರ್ತಕ ಬ್ರೆಖುನೋವ್ ತನ್ನ ಆಳು ನಿಕಿತಾನ ಮೇಲೆ ಮಲಗಿ ಅವನನ್ನು ಬೆಚ್ಚಗಿರಿಸಿ ತಾನು ಸಾಯುತ್ತಾನೆ. ಕುರ್ಚಿಯ ಕೆಳಗಿನ ಇರುವೆ ಸಹೋದರರ ಮೈಯ ಬಿಸಿ ಇಲ್ಲಿ ಮತ್ತೆ ಬಂದಿದೆ. ಈ ಕಥೆಯನ್ನು ಯಾರಿಗೆ ಪ್ರಕಟಣೆಗೆ ಕೊಡಬೇಕೆಂಬ ವಿಷಯದಲ್ಲಿ ಗಂಡಹೆಂಡಿರ ನಡುವೆ ಘೋರ ಜಗಳವಾಗಿ, ಸೋಫಿಯಾ ಮಾಸ್ಕೋದ ಚಳಿಗಾಲದ ರಾತ್ರಿಯಲ್ಲಿ ಹಿಮದೊಳಗೆ ಸಾಯಲೆಂದು ಹೊರಗೆ ಓಡಿದಳು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 23ರಂದು, ಏಳು ವರ್ಷವೂ ತುಂಬದ ಇವಾನ್ ಜ್ವರದಿಂದ ತೀರಿಕೊಂಡ. ತನ್ನ ಕೆಲಸವನ್ನು ಮುಂದುವರಿಸುವವನು ಈ ಮಗುವೇ ಎಂದು ತಂದೆ ಆಸೆಯಿಟ್ಟುಕೊಂಡಿದ್ದ. ದೇವರ ಇಚ್ಛೆಯೆಂದು ಸಮಾಧಾನ ತಂದುಕೊಳ್ಳಲು ಅವನ ನಂಬುಗೆ ನೆರವಾಯಿತು. ಆಕೆಗೆ ಅದು ನೆರವಾಗಲಿಲ್ಲ. ಆಕೆ ಸಂಗೀತದಲ್ಲಿ ಮರೆವನ್ನು ಹುಡುಕಿದಳು.

ಗಾಂಧೀಜಿಯವರಿಗೆ ಟಾಲ್‌ಸ್ಟಾಯ್ ಬರೆದ ಕೊನೆಯ ಪತ್ರದ ದಿನಾಂಕ 1910ರ ಸೆಪ್ಟೆಂಬರ್ 7. ಪ್ರೀತಿಯೇ ಬದುಕಿನ ಪರಮ ನಿಯಮವೆಂದೂ, ಹಿಂಸೆಗೆ ಒಂದು ಕಡೆ ಎಡೆಕೊಟ್ಟರೂ ಆ ನಿಯಮ ನಾಶವಾಗುವುದೆಂದೂ, ದಕ್ಷಿಣ ಆಫ್ರಿಕದ ಸತ್ಯಾಗ್ರಹ ಜಗತ್ತಿಗೇ ಮುಖ್ಯವೆಂದೂ ಅದು ಹೇಳುತ್ತದೆ. ಆ ವರ್ಷವೇ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಗಿತ್ತು. ಪತ್ರ ಬರೆದ ಸ್ಥಳ ಯಾಸ್ನಾಯಾ ಪೊಲ್ಯಾನಾ ಅಲ್ಲ. ಮಗಳು ತತ್ಯಾನಾಳ ಮನೆಯಿದ್ದ ಕೊಚೆತಿ. ಸ್ವಂತ ಮನೆಯಲ್ಲಿ ಇರಲಾಗದ ಸ್ಥಿತಿಯಲ್ಲಿ ಅವನಿದ್ದ. ಶಿಷ್ಯ ಚೆರ್ಟ್‌ಕೋವ್‌ನ ಒತ್ತಾಯದಂತೆ ಜುಲೈ 22ರಂದು ಕಾಡಿನಲ್ಲಿ, ಹೆಂಡತಿಗೆ ತಿಳಿಯದಂತೆ, ಎಲ್ಲ ಬರಹಗಳ ಹಕ್ಕನ್ನು ಅಲೆಕ್ಸಾಂದ್ರಾಳ ಹೆಸರಿಗೆ ಬರೆದಿದ್ದ. ಸತ್ಯಕ್ಕಾಗಿ ದಿನಚರಿಗಳನ್ನು ಹದಿನೆಂಟರ ಹುಡುಗಿಯ ಕೈಗಿಟ್ಟವನು ನಲವತ್ತೆಂಟು ವರ್ಷಗಳ ನಂತರ ಗುಟ್ಟಾದ ಮರಣಶಾಸನವನ್ನೂ, ತನಗೆ ಮಾತ್ರವೆಂದು ಇನ್ನೊಂದು ರಹಸ್ಯ ದಿನಚರಿಯನ್ನೂ ಇಟ್ಟುಕೊಳ್ಳಬೇಕಾಯಿತು. ಸೋಫಿಯಾಳ ಮನಸ್ಸು ಕದಡಿಹೋಗಿತ್ತು ಎಂಬುದು ನಿಜ. ಆದರೆ ಆಕೆಯ ಶಂಕೆ ಸುಳ್ಳಾಗಿರಲಿಲ್ಲ.

ಅಕ್ಟೋಬರ್ 28ರ ನಸುಕಿನಲ್ಲಿ ವೈದ್ಯ ಮಕೊವಿತ್ಸ್ಕಿಯೊಡನೆ ಅವನು ಹೊರಟ. ಆಪ್ತಿನಾ ಮಠಕ್ಕೆ ಹೋಗಿ, ಹಿರಿಯ ಸಾಧುಗಳ ಆಶ್ರಮದ ಸುತ್ತ ನಡೆದಾಡಿ, ಒಳಗೆ ಹೋಗದೆ ಮರಳಿದ. ಸಂನ್ಯಾಸಿನಿಯಾಗಿದ್ದ ತಂಗಿ ಮರಿಯಾಳನ್ನು ಷಮೊರ್ದಿನೊದಲ್ಲಿ ಕಂಡ. ಅಲ್ಲಿ ಅವನನ್ನು ಸೇರಿಕೊಂಡವಳು 1884ರ ಆ ರಾತ್ರಿಯ ಮಗು ಅಲೆಕ್ಸಾಂದ್ರಾ. ರೈಲಿನಲ್ಲಿ ಜ್ವರ ಏರಿ ಅಸ್ತಾಪೊವೊ ನಿಲ್ದಾಣದಲ್ಲಿ ಇಳಿಸಬೇಕಾಯಿತು. ಸ್ಟೇಷನ್ ಮಾಸ್ಟರ್ ತನ್ನ ಮನೆಯನ್ನು ಬಿಟ್ಟುಕೊಟ್ಟ. ಚೆರ್ಟ್‌ಕೋವ್ ಹಾಸಿಗೆಯ ಬಳಿಯಿದ್ದ. ವಿಶೇಷ ರೈಲಿನಲ್ಲಿ ಬಂದ ಸೋಫಿಯಾಳನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಗಾಜಿಗೆ ಮುಖವಿಟ್ಟು ಒಳಗೆ ಇಣುಕುತ್ತಿರುವ ಆಕೆಯ ಛಾಯಾಚಿತ್ರ ಉಳಿದಿದೆ. ನವೆಂಬರ್ 7ರ ಬೆಳಗಿನ ಜಾವ ಅವನಿಗೆ ಪ್ರಜ್ಞೆ ತಪ್ಪಿದ ಮೇಲೆ ಆಕೆಯನ್ನು ಬಿಟ್ಟರು. ಮಂಡಿಯೂರಿ ಕ್ಷಮೆ ಕೇಳಿದಳು. ಬೆಳಿಗ್ಗೆ ಆರರ ಸುಮಾರಿಗೆ ಅವನು ತೀರಿಕೊಂಡ.

ಅವನ ಇಚ್ಛೆಯಂತೆ ಶಿಲುಬೆಯಿಲ್ಲದೆ, ಹಸಿರು ಕೋಲನ್ನು ಹೂತಿಟ್ಟಿದೆಯೆಂದು ಅಣ್ಣ ಹೇಳಿದ್ದ ಕೊರಕಲಿನ ಅಂಚಿನಲ್ಲಿ ಮಣ್ಣು ಮಾಡಿದರು. ಸೋಫಿಯಾ ಇನ್ನೂ ಒಂಬತ್ತು ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. 1928ರಿಂದ 1958ರವರೆಗೆ ತೊಂಬತ್ತು ಸಂಪುಟಗಳಲ್ಲಿ ಹೊರಬಂದ ಸಮಗ್ರ ಆವೃತ್ತಿಯಲ್ಲಿ ಅವನು ಚೆರ್ಟ್‌ಕೋವ್‌ಗೆ ಬರೆದ ಪತ್ರಗಳಿಗೆ ಐದು ಸಂಪುಟಗಳು, ಹೆಂಡತಿಗೆ ಬರೆದ ಪತ್ರಗಳಿಗೆ ಎರಡು. ‘ಕ್ರೂಟ್ಜರ್ ಸೊನಾಟಾ’ಕ್ಕೆ ಉತ್ತರವಾಗಿ, ಹೆಂಡತಿಯ ಕಣ್ಣಿನಿಂದ ಅದೇ ದಾಂಪತ್ಯವನ್ನು ನೋಡುತ್ತ ಸೋಫಿಯಾ 1890ರ ದಶಕದಲ್ಲಿ ಬರೆದ ‘ತಪ್ಪು ಯಾರದು?’ ಎಂಬ ನೀಳ್ಗತೆ ರಷ್ಯದಲ್ಲಿ ಅಚ್ಚಾದದ್ದು 1994ರಲ್ಲಿ.